ಮೂರು ವಾರಕ್ಕೊಮ್ಮೆ ಕಪ್ಪು

ಮೂರು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಚಹಾ ಆದಮೇಲೆ, ನಾನು ನಮ್ಮ ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೈದಿಯ ಹಾಗೆ ಕೂರುತ್ತಿದ್ದೆ. ಕೊರಳ ಸುತ್ತ ಹಳೆಯ ಟವೆಲ್ಲು, ಅದರ ಮೇಲೆ ಗುಜರಾತಿ ಪೇಪರು, ಹಣೆಗೆ ಮತ್ತು ಕಿವಿಗೆ ಕಲೆಯಾಗದಿರಲೆಂದು ಕೊಬ್ಬರಿ ಎಣ್ಣೆ. ತಲೆಯ ಮೇಲೆ ಕರೀ ಮೆತ್ತನೆಯ ಕೆಸರು. ಮೂವತ್ತೈದು ನಿಮಿಷ ಅಲ್ಲಿಂದ ಏಳುವ ಹಾಗಿಲ್ಲ. ಬಾಗಿಲು ತಟ್ಟಿದರೆ ತೆಗೆಯುವ ಹಾಗಿಲ್ಲ, ಫೋನು ಬಂದರೆ ಕಿವಿಗಿಡುವ ಹಾಗಿಲ್ಲ, ನೆತ್ತಿ ತುರಿಸಿದರೆ ಕೈ ಎತ್ತುವ ಹಾಗಿಲ್ಲ. ಒಂದು ಸಲ ಸೊಸೈಟಿಯ ಸೆಕ್ರೆಟರಿ ನೀರಿನ ಟ್ಯಾಂಕಿನ ವಿಷಯ ಮಾತಾಡಲು ಬಂದ. ನನ್ನ ಹೆಂಡತಿ, ಅವರು ಪೂಜೆಗೆ ಕೂತಿದ್ದಾರೆ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟಳು. ಪುಣ್ಯಾತ್ಮ, ಪೂಜೆ ಮುಗಿಯಲಿ ಎಂದು ಸೋಫಾದ ಮೇಲೆ ಕೂತ. ಅವನು ಎದ್ದು ಹೋಗುವಷ್ಟರಲ್ಲಿ ಒಂದು ಗಂಟೆ ಆಗಿತ್ತು. ನನ್ನ ಹಣೆಯ ಮೇಲೆ ಉಳಿದ ಕಪ್ಪು ಗೆರೆ ಬುಧವಾರದವರೆಗೆ ಹೋಗಲಿಲ್ಲ.

ಇದನ್ನು ನಗುತ್ತಾ ಹೇಳಬಹುದು, ಹೇಳಿದ್ದೇನೆ ಕೂಡ. ಆದರೆ ಆ ಬಚ್ಚಲಲ್ಲಿ ಸಿಕ್ಕಿಹಾಕಿಕೊಂಡವನು ನಾನೊಬ್ಬನೇ ಅಲ್ಲ. ನನ್ನ ಹಿಂದೆ ನಿಂತು ಬಣ್ಣ ಹಚ್ಚುತ್ತಿದ್ದವಳು ನನ್ನ ಹೆಂಡತಿ. ಅವಳ ಕೈಗಳ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ, ಆದರೂ ಸುತ್ತಿ ಬಳಸಿ ನನ್ನ ತಲೆಯ ಮಾತನ್ನೇ ಆಡುತ್ತಿದ್ದೇನೆ ನೋಡಿ. ಇದು ನನ್ನ ಹಳೆಯ ಚಾಳಿ.

ನಾನು ಸೂರತ್ತಿನ ಪಾಂಡೇಸರಾದ ಒಂದು ಮಿಲ್ಲಿನಲ್ಲಿ ಡೈಯಿಂಗ್ ಮಾಸ್ಟರ್ ಆಗಿದ್ದೆ. ಸೀರೆಯ ಬಟ್ಟೆಗೆ ಯಾವ ಬಣ್ಣ, ಎಷ್ಟು ಬಣ್ಣ, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಹೇಳುವವನು. ನಮ್ಮಪ್ಪ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಅವನ ಕೈ ಮೊಣಕೈವರೆಗೆ ಯಾವಾಗಲೂ ಯಾವುದೋ ಒಂದು ಬಣ್ಣದಲ್ಲಿರುತ್ತಿತ್ತು. ಬರಿಗೈಯನ್ನು ಬಾನಿಗಿಳಿಸಿ ನೂಲು ಮುಟ್ಟಿ ನೋಡಿಯೇ, ಬಣ್ಣ ಹಿಡಿದಿದೆಯೋ ಇಲ್ಲವೋ ಹೇಳುತ್ತಿದ್ದ. ಕೈಗೆ ಚೀಲ ಹಾಕಿಕೊಂಡು ಬಣ್ಣ ಮಾಡುವವರನ್ನು ಕಂಡರೆ ಅವನಿಗೆ ನಗು. ಆ ನಗು ನನಗೂ ಬಂದಿತ್ತು. ಓದಿ ಡಿಪ್ಲೊಮಾ ಮಾಡಿದೆ, ಮಷಿನ್ನಿನ ಮುಂದೆ ನಿಂತೆ, ಆದರೆ ಬರಿಗೈಯ ಜಂಭ ಮಾತ್ರ ಹೋಗಲಿಲ್ಲ.

ಮೊದಲು ಅಹಮದಾಬಾದಿನಲ್ಲಿದ್ದೆ. ಅಲ್ಲಿಯ ಮಿಲ್ಲು ಮುಚ್ಚಿತು, ಸೂರತ್ತಿಗೆ ಬಂದೆ. ಇಲ್ಲಿ ಒಂದು ಪದ್ಧತಿ ಇದೆ. ದೀಪಾವಳಿಗೆ ಮಿಲ್ಲಿಗೆ ಬೀಗ ಬೀಳುತ್ತದೆ, ಕೆಲಸಗಾರರೆಲ್ಲ ಊರಿಗೆ ಹೋಗುತ್ತಾರೆ. ಹಬ್ಬ ಮುಗಿದು ವ್ಯಾಪಾರ ಮತ್ತೆ ಶುರುವಾಗುವ ಲಾಭ ಪಂಚಮಿಯ ಹೊತ್ತಿಗೆ ಮಾಲೀಕ ಶೇಠನ ಆಫೀಸಿನಿಂದ ನಮ್ಮಂಥ ಮಾಸ್ಟರ್‌ಗಳಿಗೆ ಫೋನು ಬರುತ್ತದೆ, ಇಂಥ ದಿನ ಬಂದುಬಿಡಿ ಎಂದು. ಬೇಡವಾದವರಿಗೆ ಬೇಡ ಎಂದು ಯಾರೂ ಹೇಳುವುದಿಲ್ಲ. ಫೋನು ಬರುವುದಿಲ್ಲ, ಅಷ್ಟೇ. ನನಗೆ ಐವತ್ತಮೂರಾದ ವರ್ಷ ನಮ್ಮ ಲ್ಯಾಬಿನ ಹಿರಿಯರೊಬ್ಬರಿಗೆ ಫೋನು ಬರಲಿಲ್ಲ. ಅವರು ಬಣ್ಣ ನೋಡುವ ಕಣ್ಣಲ್ಲಿ ನಮಗೆಲ್ಲ ಗುರು. ತಲೆ ಹತ್ತಿಯ ಹಾಗೆ ಬೆಳ್ಳಗಿತ್ತು. ಅವರ ಜಾಗಕ್ಕೆ ಒಂದು ಕಂಪ್ಯೂಟರು ಮತ್ತು ಕಿವಿಯಲ್ಲಿ ಸದಾ ಏನೋ ಸಿಕ್ಕಿಸಿಕೊಂಡ ಒಬ್ಬ ಹುಡುಗಿ ಬಂದರು. ಶೇಠನ ಮಗ ಆಗ ತಾನೇ ಆಡಳಿತ ಕೈಗೆ ತೆಗೆದುಕೊಂಡಿದ್ದ. ಮಿಲ್ಲು ಈಗ ಯಂಗ್ ಆಗಬೇಕು ಎಂದು ಮೀಟಿಂಗಿನಲ್ಲಿ ಹೇಳುವಾಗ ಅವನ ಕಣ್ಣು ನನ್ನ ಹಣೆಯ ಮೇಲೆ ನಿಂತಿತು ಎಂದು ನನಗನ್ನಿಸಿತು. ಅನ್ನಿಸಿತು ಅಷ್ಟೇ. ಆ ವಾರವೇ ಬಣ್ಣದ ಡಬ್ಬಿ ತಂದೆ.

ಡಬ್ಬಿಯಲ್ಲಿ ಒಂದು ಟ್ಯೂಬು, ಒಂದು ಸಣ್ಣ ಬಾಟಲಿ, ತೆಳು ಪ್ಲಾಸ್ಟಿಕ್ಕಿನ ಒಂದು ಜೊತೆ ಗ್ಲೌಸು, ಹತ್ತಾರು ಮಡಿಕೆಯ ಒಂದು ಕಾಗದ. ಜನ ತಿಳಿದುಕೊಂಡಿರುವುದು, ಕಪ್ಪು ಬಣ್ಣವನ್ನು ಕೂದಲಿನ ಮೇಲೆ ಬಳಿಯುತ್ತಾರೆ, ಗೋಡೆಗೆ ಸುಣ್ಣ ಬಳಿದ ಹಾಗೆ ಎಂದು. ಹಾಗಿದ್ದರೆ ಮೊದಲ ಸ್ನಾನಕ್ಕೇ ಹೋಗುತ್ತಿತ್ತು. ಕೂದಲಿನ ಮೈಮೇಲೆ ಹಂಚು ಹೊದಿಸಿದ ಹಾಗೆ ಸಣ್ಣ ಸಣ್ಣ ಪದರುಗಳಿವೆ. ಟ್ಯೂಬಿನಲ್ಲಿರುವ ಘಾಟಿನ ಅಮೋನಿಯಾ ಆ ಹಂಚುಗಳನ್ನು ಎಬ್ಬಿಸುತ್ತದೆ. ಸಂದಿ ಸಿಕ್ಕ ಕೂಡಲೇ ಟ್ಯೂಬಿನ ಕಣಗಳು ಒಳಗೆ ನುಸುಳುತ್ತವೆ. ಆಗ ಅವಕ್ಕೆ ಬಣ್ಣವೇ ಇರುವುದಿಲ್ಲ, ತೀರಾ ಚಿಕ್ಕವು. ಬಾಟಲಿಯ ಪೆರಾಕ್ಸೈಡು ಅವನ್ನು ಒಳಗೇ ಒಂದಕ್ಕೊಂದು ಕಟ್ಟಿಹಾಕುತ್ತದೆ. ಕಟ್ಟಿಕೊಂಡಂತೆ ಅವು ಕಪ್ಪಾಗುತ್ತವೆ, ದಪ್ಪವಾಗುತ್ತವೆ, ಬಂದ ಸಂದಿಯಲ್ಲಿ ಹೊರಗೆ ಹೋಗಲಾರದಷ್ಟು ದಪ್ಪ. ಅದಕ್ಕೇ ಎರಡನ್ನೂ ಕಲಸಿದ ಮೇಲೆ ನಾಳೆಗೆ ಇಡುವ ಹಾಗಿಲ್ಲ, ಬಟ್ಟಲಿನಲ್ಲೇ ಕೆಲಸ ಶುರುವಾಗಿರುತ್ತದೆ. ಇದನ್ನೆಲ್ಲ ಮೊದಲ ಭಾನುವಾರ ಹೆಂಡತಿಗೆ ಕ್ಲಾಸು ತೆಗೆದುಕೊಂಡ ಹಾಗೆ ಹೇಳಿದೆ. ಒಳಗೆ ಹೋದದ್ದು ಆಮೇಲೆ ಬರೂದ ಇಲ್ಲೇನು ಎಂದು ಕೇಳಿದಳು. ಇಲ್ಲ, ಕೂದಲು ಬೆಳೆದು ಬುಡದಲ್ಲಿ ಬಿಳಿ ಕಾಣುವವರೆಗೆ ಹಾಗೇ ಇರುತ್ತದೆ ಎಂದೆ. ಬಿಳಿ ಕಾಣಲು ಮೂರು ವಾರ ಸಾಕಾಗುತ್ತಿತ್ತು.

ಮೊದಲ ಸಲ ಅವಳು ಗ್ಲೌಸು ಹಾಕಿಕೊಂಡೇ ಹಚ್ಚಿದಳು. ಆ ಗ್ಲೌಸು ಯಾರ ಕೈಯ ಅಳತೆಗೆ ಮಾಡಿದ್ದೋ, ಬೆರಳ ತುದಿಯಲ್ಲಿ ಜೋಲಾಡುತ್ತಿತ್ತು. ತೊಳೆದ ಮೇಲೆ ನೋಡಿದರೆ ಕಿವಿಯ ಹಿಂದೆ ಎರಡು ಕಡೆ ಬಿಳಿ ಹಾಗೇ ಉಳಿದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದಿನಕ್ಕೆ ಸಾವಿರಾರು ಮೀಟರು ಬಟ್ಟೆಗೆ ಚೂರೂ ಕಲೆಯಿಲ್ಲದೆ ಬಣ್ಣ ಹಾಕಿಸುವವನ ತಲೆ ಹೀಗಾಗಬೇಕೆ ಎಂದು ಕೂಗಾಡಿದೆ. ಮುಂದಿನ ಸಲ ಅವಳು ಡಬ್ಬಿಯಿಂದ ಗ್ಲೌಸು ತೆಗೆಯುತ್ತಿದ್ದಾಗ ಹೇಳಿದೆ:

"ಗ್ಲೌಸ್ ತಗಿ. ಗ್ಲೌಸ್ ಹಾಕ್ಕೊಂಡ್ರ ಎಲ್ಲಿ ಏನೈತಿ ಅನ್ನೂದು ಕೈಗೆ ಗೊತ್ತಾಗೂದಿಲ್ಲ."

ಅವಳು ತೆಗೆದಳು. ಆಮೇಲೆ ನಾಲ್ಕು ವರ್ಷ ಹಾಕಿಕೊಳ್ಳಲಿಲ್ಲ. ನನ್ನ ತಲೆ ಅಚ್ಚುಕಟ್ಟಾಯಿತು. ಕಾಗದದಲ್ಲಿ ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ಗ್ಲೌಸು ಕಡ್ಡಾಯ ಎಂದೂ, ಹಚ್ಚುವ ಎರಡು ದಿನ ಮೊದಲು ಮೊಣಕೈಯ ಒಳಗೆ ಒಂದು ಚುಕ್ಕೆ ಹಚ್ಚಿ ನೋಡಿ ಎಂದೂ ಬರೆದಿತ್ತು. ನಾನು ಅದನ್ನು ಹಿಂದಿಯಲ್ಲಿ ಒಮ್ಮೆ, ಗುಜರಾತಿಯಲ್ಲಿ ಒಮ್ಮೆ ಓದಿದ್ದೆ.

ಅವಳ ಕೈ ಕೆಟ್ಟದ್ದು ಒಂದೇ ದಿನಕ್ಕಲ್ಲ. ಮೊದಲ ವರ್ಷದ ಕೊನೆಗೆ ಬೆರಳ ಸಂದಿಯಲ್ಲಿ ತುರಿಕೆ ಎಂದಳು. ಆಮೇಲೆ ಸಣ್ಣ ನೀರುಗುಳ್ಳೆ, ಅವು ಒಡೆದು ಬಿರುಕು. ಪಾತ್ರೆ ತೊಳೆಯುವ ಸಾಬೂನು ಎಂದುಕೊಂಡಳು, ನಾನೂ ಹೌದು ಎಂದೆ. ಸಾಬೂನು ಬದಲಾಯಿತು. ಸೂರತ್ತಿನ ಬೋರ್‌ವೆಲ್ ನೀರು ಎಂದು ಬಾಯಿಗೆ ಬಂದದ್ದನ್ನು ಸೇರಿಸಿದೆ. ನೀರಿಗೆ ಫಿಲ್ಟರು ಬಂತು. ಕೈ ವಾಸಿಯಾಗಲಿಲ್ಲ.

ಅವಳು ಗದಗ ಸೀಮೆಯವಳು. ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕುದಿನೀರಲ್ಲಿ ಹಿಟ್ಟು ನಾದಿ, ಅಂಗೈಯಲ್ಲಿ ತಟ್ಟಿ ತಟ್ಟಿ ತಾಟಿನಗಲ ಮಾಡುವಾಗ ಆ ಸದ್ದು ಕೆಳಗಿನ ಮನೆಯವರಿಗೂ ಕೇಳುತ್ತಿತ್ತು. ಬೆನ್, ಇವತ್ತು ನಿಮ್ಮ ಮನೆಯಲ್ಲಿ ಏನು ಜಗಳ ಎಂದು ಕೆಳಗಿನ ಮನೆಯ ಗುಜರಾತಿ ಅಜ್ಜಿ ತಮಾಷೆ ಮಾಡುತ್ತಿದ್ದಳು. ಬಿರುಕು ಬಿಟ್ಟ ಕೈಗೆ ಬಿಸಿ ಹಿಟ್ಟು ತಗಲಿದರೆ ಕಣ್ಣಲ್ಲಿ ನೀರು ಬರುತ್ತದೆ. ದಿನಾ ಬಡಿಯುತ್ತಿದ್ದವಳು ವಾರಕ್ಕೊಮ್ಮೆ ಮಾಡಿದಳು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಇಲ್ಲ. ಚಪಾತಿ ಲಟ್ಟಿಸಲು ಒಬ್ಬ ಹೆಂಗಸನ್ನು ಗೊತ್ತು ಮಾಡಿಕೊಂಡಳು. ಮನೆಯಲ್ಲಿ ಆ ಸದ್ದು ನಿಂತಿತು. ನಾನು ಅದನ್ನೂ ಗಮನಿಸಿದೆ, ಸುಮ್ಮನೆ ಚಪಾತಿ ತಿಂದೆ.

ನನಗೆ ಯಾವಾಗ ಗೊತ್ತಾಯಿತು? ಇದನ್ನು ನನಗೆ ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಎರಡನೇ ವರ್ಷ ಅನ್ನುತ್ತೇನೆ ಒಮ್ಮೊಮ್ಮೆ. ಸುಳ್ಳು. ಮೊದಲ ವರ್ಷವೇ ಗೊತ್ತಾಯಿತು. ಬಣ್ಣದ ಮನುಷ್ಯ ನಾನು, ನನ್ನ ಕೈಕೆಳಗಿನ ಹುಡುಗರಿಗೆ ಮೈ ಕೆರೆತ ಬಂದರೆ ಯಾವ ಡ್ರಮ್ಮು ಮುಟ್ಟಿದೆ ಎಂದು ಮೊದಲು ಕೇಳುವವನು. ಭಾನುವಾರ ಹಚ್ಚಿದರೆ ಮಂಗಳವಾರ ಅವಳ ಕೈ ಕೆಂಪಾಗಿ ಊದುತ್ತಿತ್ತು. ಎರಡನೆಯ ವಾರ ಇಳಿಯುತ್ತಿತ್ತು. ಇನ್ನೇನು ವಾಸಿಯಾಯಿತು ಅನ್ನುವಷ್ಟರಲ್ಲಿ ಮತ್ತೆ ಭಾನುವಾರ. ಚಿಕ್ಕ ಮಗು ಕೂಡ ಲೆಕ್ಕ ಹಾಕಬಹುದಿತ್ತು. ಬಾಯಿಬಿಟ್ಟು ಹೇಳಿದರೆ ನಿಲ್ಲಿಸಬೇಕಾಗುತ್ತದೆ, ನಿಲ್ಲಿಸಿದರೆ ತಲೆ ಬೆಳ್ಳಗಾಗುತ್ತದೆ, ಬೆಳ್ಳಗಾದರೆ ಲಾಭ ಪಂಚಮಿಗೆ ಫೋನು ಬರುವುದಿಲ್ಲ. ಮತ್ತೆ ಗ್ಲೌಸು ಹಾಕಿಕೋ ಎಂದರೆ ತಪ್ಪು ನನ್ನದೆಂದು ಒಪ್ಪಿಕೊಂಡ ಹಾಗೆ. ನೀನೇ ಹಚ್ಚಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಮ್ಮೆ ಪ್ರಯತ್ನಿಸಿದೆ, ಹಿಂದಲೆ ಚಿರತೆಯ ಹಾಗಾಯಿತು. ಅಂಗಡಿಗೆ ಹೋಗಿ ಹಚ್ಚಿಸಿಕೊಳ್ಳಬಹುದಿತ್ತು. ಪಾಂಡೇಸರಾದ ಸಲೂನಿನಲ್ಲಿ ಮಿಲ್ಲಿನವರು ಯಾರಾದರೂ ನೋಡಿದರೆ ಎಂಬ ಹೆದರಿಕೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮುಸುರೆ ಬಾನಿಯಲ್ಲಿ ಬಿತ್ತಂತೆ. ಆ ಹಲ್ಲಿ ನಾನೇ. ಸಾಲದ್ದಕ್ಕೆ ಅವಳನ್ನೂ ಎಳೆದುಕೊಂಡು ಬಿದ್ದಿದ್ದೆ.

ಮೂರನೇ ವರ್ಷ ವಡೋದರಾದ ಮಂಜಲ್‌ಪುರದಲ್ಲಿರುವ ಅವಳ ತಂಗಿಯ ಮನೆಗೆ, ಮೊಮ್ಮಗುವಿನ ಹೆಸರಿಡುವ ಕಾರ್ಯಕ್ಕೆ ಹೋದೆವು. ನಮ್ಮ ಕಡೆಯ ಹತ್ತು ಹದಿನೈದು ಜನ ಸೇರಿದ್ದರು. ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಎಲೆಯ ಮೇಲೆ ಹೋಳಿಗೆ, ಅನ್ನ, ಕಟ್ಟಿನ ಸಾರು. ಅವಳು ಚಮಚ ತರಿಸಿಕೊಂಡು ಅನ್ನ ತಿಂದಳು. ಕಟ್ಟಿನ ಸಾರಿನ ಖಾರ ಅವಳ ಬೆರಳಿನ ಬಿರುಕಿಗೆ ಇಳಿಯುತ್ತದೆ ಎಂದು ಅಲ್ಲಿ ನನಗೊಬ್ಬನಿಗೇ ಗೊತ್ತಿದ್ದದ್ದು. ಅವಳ ಸೋದರತ್ತೆ ಎದುರಿನ ಸಾಲಿನಿಂದ ನೋಡಿ ಕೇಳಿದಳು:

"ಏನವ್ವಾ, ಸೂರತ್ತಿಗೆ ಹೋಗಿ ಮೇಡಮ್ ಆದಿ?"

ಎಲ್ಲರೂ ನಕ್ಕರು. ಅವಳೂ ನಕ್ಕಳು, ಕೈಯನ್ನು ಸೆರಗಿನ ಕೆಳಗೆ ಎಳೆದುಕೊಂಡಳು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ನನ್ನ ತಲೆ ಎಷ್ಟು ಕಪ್ಪಗಿದೆ, ನೋಡಿದರೆ ನಲವತ್ತೂ ಅನ್ನಿಸುವುದಿಲ್ಲ ಎಂದು ಅದೇ ಅತ್ತೆ ಹೊಗಳಿದಳು. ನಾನು ಎಲೆಯಲ್ಲಿ ಏನೂ ಬಿಡಲಿಲ್ಲ.

ನಾಲ್ಕನೆಯ ವರ್ಷ, ದೀಪಾವಳಿಗೆ ಒಂದು ತಿಂಗಳಿರುವಾಗ, ಬಣ್ಣ ಹಚ್ಚಿದ ಮರುದಿನ ಅವಳ ಕಣ್ಣಿನ ರೆಪ್ಪೆಗಳು ಊದಿಕೊಂಡವು. ಹಚ್ಚಿದ ಕೈಯಲ್ಲಿ ಎಲ್ಲೋ ಕಣ್ಣು ಒರೆಸಿಕೊಂಡಿರಬೇಕು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಹೆದರಿ ಚರ್ಮದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ವಯಸ್ಸಾದವರು. ಅವಳ ಎರಡೂ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿ ನೋಡಿದರು. ಯಾವುದಾದರೂ ಕೆಮಿಕಲ್ಲು ಮುಟ್ಟುತ್ತೀರಾ, ಮೆಹಂದಿ, ಹೇರ್ ಡೈ ಏನಾದರೂ ಎಂದು ಕೇಳಿದರು. ಅವಳ ತಲೆಯಲ್ಲಿ ಅರ್ಧ ಬಿಳಿ ಇತ್ತು, ಅವಳು ಎಂದೂ ಏನೂ ಹಚ್ಚಿಕೊಂಡವಳಲ್ಲ. ಅವಳು ತೆರೆದಿದ್ದ ಒಂದು ಕಣ್ಣಿನಿಂದ ನನ್ನ ಕಡೆ ತಿರುಗಿ ನೋಡಿದಳು. ನಾನು ಗೋಡೆಯ ಮೇಲಿದ್ದ ಔಷಧ ಕಂಪನಿಯ ಕ್ಯಾಲೆಂಡರು ನೋಡಿದೆ. ಆಮೇಲೆ ಅವಳು, ಪಾತ್ರೆಯ ಸಾಬೂನು ಅಷ್ಟೇ ಎಂದಳು. ಡಾಕ್ಟರು ಮುಲಾಮು ಬರೆದುಕೊಟ್ಟರು.

ನನ್ನ ಜೀವಮಾನದಲ್ಲಿ ಅಷ್ಟು ಹೇಡಿಯಾಗಿ ಇನ್ನೆಲ್ಲೂ ಕೂತಿಲ್ಲ. ಆ ಕುರ್ಚಿಯಿಂದ ಎದ್ದು ಬಂದದ್ದು ಹೇಗೋ ನೆನಪಿಲ್ಲ.

ಅದಾದ ಎರಡು ವಾರಕ್ಕೆ ಮಿಲ್ಲಿನಲ್ಲಿ ಒಂದು ಅವಾಂತರ ಆಯಿತು. ನಮ್ಮಲ್ಲಿ ನಿಯಮ ಇದೆ, ಯಾವ ಲಾಟಿನ ಬಟ್ಟೆಯನ್ನಾದರೂ ಮಷಿನ್ನಿಗೆ ಹಾಕುವ ಮೊದಲು ಲ್ಯಾಬಿನಲ್ಲಿ ಅಂಗೈಯಷ್ಟು ತುಂಡನ್ನು ಅದ್ದಿ ನೋಡಬೇಕು. ಹೊಸ ಆಪರೇಟರ್ ಒಬ್ಬ ಅವಸರಕ್ಕೆ ಬಿದ್ದು ಸ್ಯಾಂಪಲ್ ಮಾಡದೆ ಕಪ್ಪು ಸೀರೆಯ ಪೂರಾ ಲಾಟನ್ನು ಹಾಕಿಬಿಟ್ಟಿದ್ದ. ಬಟ್ಟೆಯೆಲ್ಲ ಮಚ್ಚೆ ಮಚ್ಚೆ. ಇಡೀ ಡೈಯಿಂಗ್ ವಿಭಾಗದ ಮುಂದೆ ಅವನ ಜನ್ಮ ಜಾಲಾಡಿದೆ. ಚಿಂದಿಯಷ್ಟು ಬಟ್ಟೆ ಅದ್ದಿ ನೋಡುವುದಕ್ಕೆ ನಿನಗೇನು ಧಾಡಿ, ಹಾಳಾಗುವುದು ಇನ್ನೊಬ್ಬರ ಮಾಲು ಅಂತಲೇ ಎಂದು ಹಿಂದಿಯಲ್ಲಿ ಕಿರುಚಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಮಾತು ಬಾಯಿಂದ ಹೊರಟ ಮೇಲೆ ನನ್ನ ಕಿವಿಗೇ ಬಂದು ಬಿತ್ತು. ಕೈಯಲ್ಲಿದ್ದ ಮಚ್ಚೆಯ ಬಟ್ಟೆಯನ್ನು ಕೆಳಗಿಟ್ಟೆ. ಹುಡುಗ ಬೈಗುಳ ಮುಗಿಯಿತೆಂದು ತಿಳಿದು ಮೆಲ್ಲಗೆ ಸರಿದುಹೋದ.

ಅವತ್ತು ಶುಕ್ರವಾರ. ಮನೆಗೆ ಹೋಗುವಾಗ ರೂಢಿಯ ಪ್ರಕಾರ ಅಂಗಡಿಯಲ್ಲಿ ಡಬ್ಬಿ ತೆಗೆದುಕೊಂಡೆ. ಭಾನುವಾರಕ್ಕೆ ಸರದಿ ಬಂದಿತ್ತು, ದೀಪಾವಳಿ ಹತ್ತಿರವಿತ್ತು. ಅವಳು ಅಡುಗೆಮನೆಯ ಕಟ್ಟೆಯ ಹತ್ತಿರ ಸೊಪ್ಪು ಸೋಸುತ್ತಿದ್ದಳು, ಬೆರಳ ತುದಿಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಒಳಗಿನ ಕಾಗದ ಬಿಚ್ಚಿ, ಮೊದಲ ಸಾಲುಗಳನ್ನು ಅವಳಿಗೆ ಓದಿ ಹೇಳಿದೆ. ಓದಿ ಮುಗಿಸಿ, ನಿನ್ನ ಮೊಣಕೈಯ ಒಳಗೆ ಒಂದು ಚುಕ್ಕೆ ಹಚ್ಚಿ ನೋಡೋಣ, ಎರಡು ದಿನದಲ್ಲಿ ತಿಳಿಯುತ್ತದೆ ಎಂದೆ. ಆಗಲೂ ನೇರವಾಗಿ ಹೇಳುವ ಧೈರ್ಯ ಬರಲಿಲ್ಲ, ಪರೀಕ್ಷೆಯ ಹಿಂದೆ ಅಡಗಿಕೊಂಡೆ.

ಅವಳು ಸೊಪ್ಪು ಬಿಟ್ಟು ನನ್ನ ಕಡೆ ತಿರುಗಿದಳು. ಪಟ್ಟಿ ಸುತ್ತಿದ ಎರಡೂ ಕೈಯನ್ನು ನನ್ನ ಮುಂದೆ ಹಿಡಿದಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ?"

ನಿನಗೆ ಗೊತ್ತಿತ್ತೇ ಎಂದು ಕೇಳಿದೆ. ಎರಡನೆಯ ವರ್ಷವೇ ಗೊತ್ತಾಯಿತು ಎಂದಳು. ಮತ್ತೆ ಯಾಕೆ ಹಚ್ಚಿದೆ, ಡಾಕ್ಟರರ ಮುಂದೆ ಸಾಬೂನು ಎಂದು ಯಾಕೆ ಹೇಳಿದೆ ಎಂದು ನಾನು ದನಿ ಏರಿಸಿದೆ. ತಪ್ಪು ನನ್ನದಾದಾಗಲೂ ದನಿ ಏರಿಸುವವನು ನಾನೇ. ಅವಳ ದನಿ ಏರಲಿಲ್ಲ.

"ನೀವು ಕನ್ನಡಿ ಮುಂದ ನಿಂತು ಅಂಜೂದು ನೋಡಿದ್ದೆ. ಅದಕ್ಕ ಹಚ್ಚಿದೆ. ಡಾಕ್ಟರ್ ಕೇಳಿದಾಗ ನಿಮ್ಮ ಮಾರಿ ನೋಡಿದೆ, ಇವತ್ತರ ಹೇಳ್ತಾರ ಅಂತ. ಮೂರು ವರ್ಷ ಕಾದೀನಿ, ನೀವ ಹೇಳ್ಲಿ ಅಂತ."

ಅಷ್ಟು ಹೇಳಿ ಮತ್ತೆ ಸೊಪ್ಪಿಗೆ ತಿರುಗಿದಳು. ನಾನು ಡಬ್ಬಿ ತೆಗೆದು ಕಸದ ಬುಟ್ಟಿಗೆ ಹಾಕಿದೆ. ಏನಾದರೂ ಹೇಳಬೇಕಿತ್ತು. ಕ್ಷಮಿಸು ಎನ್ನುವ ಮಾತು ನಮ್ಮ ಮನೆಗಳಲ್ಲಿ ಗಂಡ ಹೆಂಡಿರ ನಡುವೆ ಬಳಕೆಯಲ್ಲಿಲ್ಲ. ತಪ್ಪಾಯಿತು ಎಂದೆ, ಅದೂ ಗೋಡೆಗೆ ಹೇಳಿದ ಹಾಗೆ.

ಆ ದೀಪಾವಳಿಯ ಹೊತ್ತಿಗೆ ನನ್ನ ತಲೆ ಎರಡು ಬಣ್ಣವಾಗಿತ್ತು, ಬುಡದಲ್ಲಿ ಬಿಳಿ, ಮೇಲೆ ಕಪ್ಪು. ಎದೆ ಗಟ್ಟಿ ಮಾಡಿಕೊಂಡು ಮಿಲ್ಲಿಗೆ ಹೋದೆ. ಶೇಠನ ಮಗ ಒಂದು ದಿನ ನಡೆದು ಹೋಗುತ್ತಿದ್ದವನು ನಿಂತು ನೋಡಿ, ಮಾಸ್ಟರ್‌ಜಿ, ತಬಿಯತ್ ಠೀಕ್ ಹೈ ನಾ ಎಂದು ಆರೋಗ್ಯ ವಿಚಾರಿಸಿದ. ಠೀಕ್ ಹೈ ಎಂದೆ. ಅವನು ಫೋನು ನೋಡುತ್ತಾ ಮುಂದೆ ಹೋದ. ಅಷ್ಟೇ. ಲಾಭ ಪಂಚಮಿಗೆ ಫೋನು ಬಂತು. ನಾಲ್ಕು ವರ್ಷ ನಾನು ಹೆದರಿದ್ದ ಸಂಗತಿ ಅಷ್ಟು ಹೊತ್ತಿನಲ್ಲಿ ಮುಗಿಯಿತು. ಆ ದಿನ ಖುಷಿಯಾಗಬೇಕಿತ್ತು, ನಾನು ಫೋನು ಕೆಳಗಿಟ್ಟು ಅವಳ ಕೈ ನೋಡಿದೆ. ಮರುವರ್ಷ ಫೋನು ಬರಲಿಲ್ಲ. ನನ್ನ ಜಾಗಕ್ಕೆ ಅಹಮದಾಬಾದಿನಿಂದ ಒಬ್ಬ ಮಾಸ್ಟರು ಬಂದಿದ್ದಾರೆ. ಅವರ ತಲೆ ನನ್ನದಕ್ಕಿಂತ ಬೆಳ್ಳಗಿದೆಯಂತೆ.

ಅವಳ ಕೈ? ಗುಳ್ಳೆ ಏಳುವುದು ನಿಂತಿದೆ, ಚರ್ಮ ಇನ್ನೂ ಒರಟು, ಚಳಿಗೆ ಬಿರಿಯುತ್ತದೆ. ಡಾಕ್ಟರರ ಹತ್ತಿರ ಮತ್ತೆ ಹೋದೆವು, ಈ ಸಲ ನಾನೇ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಈ ಬಣ್ಣದ ಮೇಲೆ ಒಮ್ಮೆ ಚರ್ಮ ಮುನಿಸಿಕೊಂಡರೆ ಆಯುಷ್ಯಪೂರ್ತಿ ಮರೆಯುವುದಿಲ್ಲ ಎಂದರು. ಕಡು ಬಣ್ಣದ ಸಿಂಥೆಟಿಕ್ ಬಟ್ಟೆ ಕೂಡ ಕೆಲವರಿಗೆ ಆಗುವುದಿಲ್ಲ, ಜಾಗ್ರತೆ ಎಂದರು. ಮನೆಗೆ ಬಂದು ಅವಳು ಕಪಾಟು ತೆರೆದು, ವರ್ಷ ವರ್ಷ ನಾನು ಮಿಲ್ಲಿನಿಂದ ತಂದಿದ್ದ ಸೀರೆಗಳನ್ನು ಒಂದೊಂದಾಗಿ ತೆಗೆದು ಚಪಾತಿಯ ಹೆಂಗಸಿಗೆ ಕೊಟ್ಟಳು. ನಾನೇ ನಿಂತು ಬಣ್ಣ ಹಾಕಿಸಿದ ಸೀರೆಗಳು. ಈಗ ತಿಳಿ ಬಣ್ಣದ ಹತ್ತಿ ಸೀರೆಯನ್ನೇ ಉಡುತ್ತಾಳೆ.

ಈಗ ನಾನು ಮನೆಯಲ್ಲೇ ಇದ್ದೇನೆ. ದಿನಕ್ಕೆರಡು ಸಲ ಅವಳ ಕೈಗೆ ಮುಲಾಮು ಹಚ್ಚುವುದು ನನ್ನ ಕೆಲಸ, ನಾನೇ ಕೇಳಿ ಹಚ್ಚಿಕೊಂಡ ಕೆಲಸ. ಮೊದಲ ದಿನ ಔಷಧದಂಗಡಿಯಿಂದ ಒಳ್ಳೆಯ ಗ್ಲೌಸಿನ ಒಂದು ಪೊಟ್ಟಣವನ್ನೇ ತಂದೆ. ನನ್ನ ಒರಟು ಬೆರಳು ತಗಲಿ ಉರಿಯದಿರಲಿ ಎಂದು ಅದನ್ನು ಹಾಕಿಕೊಂಡು, ಕಿಟಕಿಯ ಹತ್ತಿರ ಅವಳ ಎದುರು ಕೂತು, ಅಂಗೈಯನ್ನು ನನ್ನ ಮೊಣಕಾಲ ಮೇಲಿಟ್ಟುಕೊಂಡೆ. ಎರಡು ಬೆರಳಿಗೆ ಹಚ್ಚಿದ್ದೆನೋ ಇಲ್ಲವೋ, ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಉರಿಯಿತೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು.

"ಗ್ಲೌಸ್ ತಗೀರಿ," ಎಂದಳು. "ಗ್ಲೌಸ್ ಹಾಕ್ಕೊಂಡ್ರ ಎಲ್ಲಿ ಏನೈತಿ ಅನ್ನೂದು ಕೈಗೆ ಗೊತ್ತಾಗೂದಿಲ್ಲ."

ನಾನು ತೆಗೆದೆ.